ಓಕೆ ಅಂದ ನೂರಾ ಹತ್ತು ಮಂದಿ

ಹೋದ ವಾರ ಚನ್ನಗಿರಿಯಿಂದ ದಾವಣಗೆರೆಗೆ ಹೊರಟಿದ್ದ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನ ಹೆಂಗಸೊಬ್ಬಳು ಕೈಚೀಲದಿಂದ ಕೀಪ್ಯಾಡ್ ಫೋನು ತೆಗೆದು ನಂಬರ್ ಒತ್ತತೊಡಗಿದಳು. ಒಂದೊಂದು ಗುಂಡಿ ಒತ್ತಿದಾಗಲೂ ಫೋನಿನೊಳಗಿನ ಹೆಣ್ಣುದನಿ ಆ ಅಂಕಿಯನ್ನು ಇಂಗ್ಲಿಷಿನಲ್ಲಿ ಇಡೀ ಬಸ್ಸಿಗೆ ಕೇಳುವಂತೆ ಹೇಳುತ್ತಿತ್ತು. ನೈನ್... ಸಿಕ್ಸ್... ಝೀರೋ... ಹಿಂದೆ ಕೂತಿದ್ದ ಕಾಲೇಜು ಹುಡುಗಿಯರು ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ಆ ದನಿ ಕೇಳಿ ಎಷ್ಟು ವರ್ಷವಾಗಿತ್ತೋ... ಎದುರುಮನೆ ಅತ್ತೆ ನೆನಪಾದಳು.

ಅತ್ತೆ ಅಂದರೆ ಸಂಬಂಧವೇನಲ್ಲ. ಜಗಳೂರಿನಾಚೆ ನಮ್ಮೂರಿನಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಟ್ರ್ಯಾಕ್ಟರ್ ಹೋಗುವಷ್ಟು ರಸ್ತೆ, ಅಷ್ಟೇ. ಚಿಕ್ಕಂದಿನಿಂದ ಅತ್ತೆ ಅಂತ ಏಕವಚನದಲ್ಲೇ ಕರೆದು ಅಭ್ಯಾಸ, ಈಗ ಬರೆಯುವಾಗ ‘ಅವರು’ ಅಂದರೆ ಯಾರೋ ಬೇರೆಯವರ ವಿಷಯ ಬರೆದ ಹಾಗಾಗುತ್ತದೆ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಗಂಡ ಕುರಿ ಹಿಂಡಿನ ಜೊತೆ ವರ್ಷದಲ್ಲಿ ಆರು ತಿಂಗಳು ಊರೂರು ಅಲೆಯುವವನು. ಅವನು ಯಾವ ಹೊಲದಲ್ಲಿ ಬೀಡುಬಿಟ್ಟಿದ್ದಾನೆ, ಉಂಡನೋ ಇಲ್ಲವೋ ಅಂತ ತಿಳಿಯಲೆಂದೇ ಆ ಮಾತಾಡುವ ಫೋನು ಕೊಂಡಿದ್ದು. ಆಮೇಲೆ ಅದೇ ಫೋನಿನಿಂದ ಅವಳು ಊರಿಗೊಂದು ಬಸ್ಸು ತರುತ್ತಾಳೆ ಅಂತ ಅವಳೂ ಅಂದುಕೊಂಡಿರಲಿಲ್ಲ.

ನಮ್ಮೂರಿಗೆ ಬೆಳಿಗ್ಗೆ ಬಸ್ಸಿರಲಿಲ್ಲ. ಹತ್ತು ಗಂಟೆಗೆ ಒಂದು ಬರುತ್ತಿತ್ತು, ಅದು ಯಾವ ಕಾಲೇಜಿಗೂ ದಕ್ಕದ ಬಸ್ಸು. ಬೈಕು ಇದ್ದ ಗಂಡಸರಿಗೆ ಇದೊಂದು ತೊಂದರೆ ಅಂತಲೇ ಅನಿಸಿರಲಿಲ್ಲ. ಹತ್ತನೇ ಕ್ಲಾಸು ಮುಗಿದ ಹೆಣ್ಣುಮಕ್ಕಳು ಮನೆಯಲ್ಲಿ ಕೂರುತ್ತಿದ್ದರು. ನಾನು ದಾವಣಗೆರೆಯ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿದ್ದರಿಂದ ಬಚಾವಾದವಳು. ಅತ್ತೆಯ ಮಗಳು ಆಗ ಒಂಬತ್ತನೇ ಕ್ಲಾಸು. ಟೀಚರ್ ಆಗುತ್ತೇನೆ ಅನ್ನುವುದು ಅವಳ ಬಾಯಿಂದ ದಿನಾ ಬರುವ ಮಾತು. ನಾನು ರಜೆಗೆ ಊರಿಗೆ ಹೋದಾಗೆಲ್ಲ ಅದಕ್ಕೆ ಏನು ಓದಬೇಕು, ಎಲ್ಲಿ ಓದಬೇಕು ಅಂತ ತಲೆ ತಿನ್ನುತ್ತಿದ್ದಳು. ಮಗಳು ಮನೆಯಲ್ಲಿ ಕೂರುವುದು ಅತ್ತೆಗೆ ಬೇಕಿರಲಿಲ್ಲ. ಬಸ್ಸಿನ ಹಿಂದೆ ಬಿದ್ದಿದ್ದು ಅದಕ್ಕೇ.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಮಗಳು ನೋಟ್‌ಬುಕ್ಕಿನ ಹಾಳೆಗಳಲ್ಲಿ ಮನೆಮನೆಯ ನಂಬರ್ ಬರೆದು, ಪಕ್ಕದಲ್ಲಿ ಹೆಸರಿನ ಬದಲು ಚಿತ್ರ ಬರೆದುಕೊಟ್ಟಿದ್ದಳು. ಬಾವಿ ಪಕ್ಕದ ಮನೆಗೆ ಬಾವಿ, ಬಟ್ಟೆ ಹೊಲಿಯುವವಳಿಗೆ ಮಷಿನ್ನು, ಸದಾ ಸಿಟ್ಟಿನಲ್ಲಿರುತ್ತಿದ್ದ ಒಬ್ಬ ಅಜ್ಜನಿಗೆ ಬರೀ ಎರಡು ಹುಬ್ಬು. ಅನ್ನದ ಅಗುಳಿನಿಂದ ಅಂಟಿಸಿದ್ದ ಆ ಹಾಳೆಗಳು ಅಡುಗೆಮನೆಯ ಗೋಡೆಯ ತುಂಬ ಇದ್ದವು. ಶಾಲೆಯಿಂದ ಬಂದು, ಕಾಲು ತೊಳೆದು, ಹೊರಗಿನ ಕಟ್ಟೆಯ ಮೇಲೆ ಹಾಳೆ ಹರಡಿಕೊಂಡು ಕೂತಳೆಂದರೆ ಶುರು. ಫೋನು ಅಂಕಿಗಳನ್ನು ಕೂಗಿ ಹೇಳುವುದರಿಂದ ಅವಳು ಯಾರಿಗೆ ಮಾಡುತ್ತಿದ್ದಾಳೆ ಅಂತ ಓಣಿಗೆಲ್ಲ ಗೊತ್ತು. ನನಗೆ ಫೋನೇ ಬಂದಿಲ್ಲ ಅಂತ ನಾಳೆ ಯಾರೂ ಜಾರಿಕೊಳ್ಳುವ ಹಾಗಿರಲಿಲ್ಲ.

ಅವಳು ಮಾತಾಡುತ್ತಿದ್ದುದು ಸ್ವಲ್ಪ. ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾಕೆ. ಆ ಕಡೆಯವರು ಬರ್ತೀವಿ ಅಂದರೆ ಬಿಡುತ್ತಿರಲಿಲ್ಲ.

“ಬರ್ತೀವಿ ಅನ್ಬ್ಯಾಡ. ನಿಮ್ಮನ್ಯಾಗೆ ಯಾರು ಬರ್ತೀರಿ, ಹೆಸ್ರು ಹೇಳು.”

ಹೆಸರು ಬರುವ ತನಕ ಸುಮ್ಮನೆ ಕಾಯುತ್ತಿದ್ದಳು. ಫೋನಿನ ಆ ಮೌನ ತಡೆಯಲಾಗದೆ ಯಾರಾದರೂ ಒಬ್ಬರ ಹೆಸರು ಹೊರಗೆ ಬರುತ್ತಿತ್ತು. ಬಂದ ಕೂಡಲೇ ಪಕ್ಕದ ಬಟ್ಟಲಿಗೆ ಒಂದು ಶೇಂಗಾ ಬೀಜ ಹಾಕುತ್ತಿದ್ದಳು. ಹೋಗಿಬಂದ ಮರುದಿನ, ಹೆಸರು ಕೊಟ್ಟೂ ಬರದವರ ಮನೆ ಬಾಗಿಲಿಗೆ ತಾನೇ ಹೋಗಿ, ಒಂದೇ ಒಂದು ಶೇಂಗಾ ಬೀಜ ಅವರ ಕೈಯಲ್ಲಿಟ್ಟು, “ನಿಮ್ಮನೇದು ಉಳಿದಿತ್ತು ನೋಡ್ರಿ” ಅಂತ ಹೇಳಿ ವಾಪಸು ಬರುತ್ತಿದ್ದಳು. ಬೈಗುಳವಿಲ್ಲ, ಉಪದೇಶವಿಲ್ಲ. ನಮ್ಮಪ್ಪನಿಗೆ ಒಮ್ಮೆ ಹಾಗೆ ಸಿಕ್ಕಿತ್ತು. ಮುಂದಿನ ಸಲ ಅವರು ಎಲ್ಲರಿಗಿಂತ ಮೊದಲು ಹೋಗಿ ನಿಂತರು.

ಹಾಗೆ ನಾಲ್ಕು ಸಲ ಪಟ್ಟಣದ ಬಸ್ಸಿನ ಕಚೇರಿಯ ಮುಂದೆ ಊರಿನ ಹೆಂಗಸರು, ನಮ್ಮಪ್ಪನಂಥ ನಾಲ್ಕೈದು ಗಂಡಸರು ಟ್ರ್ಯಾಕ್ಟರಿನಲ್ಲಿ ಹೋಗಿ ಇಳಿದರು. ಮೊದಲನೇ ಸಲ ಅರ್ಜಿ ತಗೊಂಡರು, ಎರಡನೇ ಸಲ ನೋಡೋಣ ಅಂದರು, ಮೂರನೇ ಸಲ ಸಾಹೇಬರು ಇಲ್ಲ ಅಂದರು. ನಾಲ್ಕನೇ ಸಲ ಹೋದಾಗ ಇವರು ಬಿಡುವವರಲ್ಲ ಅನಿಸಿರಬೇಕು. ತಿಂಗಳೊಳಗೆ ಏಳೂವರೆಗೆ ಬಸ್ಸು ಬಂತು. ಹೆಣ್ಣುಮಕ್ಕಳು ಕಾಲೇಜು ಹತ್ತಿದರು. ಎರಡು ವರ್ಷ ಕಳೆದ ಮೇಲೆ ಅತ್ತೆಯ ಮಗಳೂ ಪಿಯುಸಿಗೆ ಸೇರಿ ಅದೇ ಬಸ್ಸಿನಲ್ಲಿ ಹೋಗತೊಡಗಿದಳು. ದಿನಾ ಬೆಳಿಗ್ಗೆ ಬಸ್ಸು ಮರೆಯಾಗುವ ತನಕ ಅತ್ತೆ ರಸ್ತೆಯಲ್ಲಿ ನಿಂತಿರುತ್ತಿದ್ದಳು.

ಇನ್ನು ನನ್ನ ವಿಷಯ. ಬಿ.ಎ. ಮುಗಿಸಿ ಊರಿಗೆ ಬಂದಿದ್ದೆ. ಕೈಯಲ್ಲಿ ಹೊಸ ಸ್ಮಾರ್ಟ್ ಫೋನು, ತಲೆಯಲ್ಲಿ ಊರು ಉದ್ಧಾರ ಮಾಡುವ ಹುಮ್ಮಸ್ಸು. ಅಷ್ಟರಲ್ಲಿ ಬಸ್ಸಿಗೆ ಜನ ಕಮ್ಮಿ, ಬೇರೆ ಕಡೆ ಹಾಕುತ್ತಾರೆ ಅನ್ನುವ ಸುದ್ದಿ ಬಂತು. ಜನ ಕಮ್ಮಿ ಇದ್ದಿದ್ದೂ ನಿಜವೇ, ಎರಡು ಮನೆಗೆ ಒಂದರಂತೆ ಬೈಕು ಬಂದಿತ್ತು. ಕಚೇರಿಯ ಸಾಹೇಬರು ಒಂದು ಗುರುವಾರ ಬೆಳಿಗ್ಗೆ ತಾವೇ ಬಂದು ನೋಡಿ ತೀರ್ಮಾನ ಮಾಡುತ್ತಾರಂತೆ ಅಂತ ಕಂಡಕ್ಟರ್ ಅತ್ತೆಗೆ ಹೇಳಿದ. ಅವತ್ತು ಊರೆಲ್ಲ ಬಸ್‌ಸ್ಟಾಪಿನಲ್ಲಿ ನಿಂತಿರಬೇಕು, ಅಷ್ಟೇ ಕೆಲಸ.

ಅತ್ತೆ ಆಗಲೇ ದಣಿದಿದ್ದಳು. ಅಡುಗೆಮನೆಯ ಹೊಗೆಗೆ ಗಂಟಲು ಕಟ್ಟಿ, ನಾಲ್ಕು ಮಾತಾಡಿದರೆ ಕೆಮ್ಮು ಬರುತ್ತಿತ್ತು. ನನಗೆ ಅಯ್ಯೋ ಅನಿಸಿತು. ಇಷ್ಟೊಂದು ಮನೆಗೆ ಒಂದೊಂದಾಗಿ ಯಾಕೆ ಫೋನು ಮಾಡುತ್ತೀಯ, ನಾನೊಂದು ಗ್ರೂಪು ಮಾಡುತ್ತೇನೆ, ಒಂದು ಸಲ ಹಾಕಿದರೆ ಎಲ್ಲರಿಗೂ ಹೋಗುತ್ತದೆ ಅಂದೆ. ಗೋಡೆಯ ಹಾಳೆಗಳನ್ನೆಲ್ಲ ನೋಡಿ ನಂಬರ್ ಸೇರಿಸಿದೆ. ಸ್ಮಾರ್ಟ್ ಫೋನು ಇಲ್ಲದವರ ಮನೆಯಲ್ಲಿ ಮಗನದೋ ಅಳಿಯನದೋ ನಂಬರ್ ಹಾಕಿದೆ. ‘ನಮ್ಮೂರ ಬಸ್ಸು’ ಅಂತ ಹೆಸರಿಟ್ಟೆ. ಅತ್ತೆ ಮಾತ್ರ ಆ ಗ್ರೂಪಿನಲ್ಲಿರಲಿಲ್ಲ, ಅವಳ ಫೋನಿಗೆ ಅದು ಬರುತ್ತಿರಲಿಲ್ಲ.

ಗುರುವಾರದ ವಿಷಯ ಹಾಕಿದ್ದೇ ತಡ, ಒಂದರ ಹಿಂದೆ ಒಂದು ಬಂದವು. ಓಕೆ. ಖಂಡಿತ. ಓಕೆ. ಹೆಬ್ಬೆರಳಿನ ಚಿತ್ರ. ನಡುವೆ ಒಬ್ಬರು ಗುಲಾಬಿ ಹೂವಿನ ಶುಭೋದಯ ಹಾಕಿದರು, ಇನ್ನೊಬ್ಬರು ಮಾರಾಟಕ್ಕಿರುವ ಎಮ್ಮೆಯ ಫೋಟೋ ಹಾಕಿದರು. ಬುಧವಾರ ಸಂಜೆ ಕೂತು ಎಣಿಸಿದೆ. ನೂರಾ ಹತ್ತು. ಓಡಿಹೋಗಿ ಅತ್ತೆಗೆ ಹೇಳಿದೆ. ಅವಳು ಮೊರದಲ್ಲಿ ಬೇಳೆ ಆರಿಸುತ್ತಿದ್ದಳು.

“ಓಕೆ ಅಂದ್ರೆ ಬರ್ತಾರೆ ಅಂತನಾ?” ಅಂತ ಕೇಳಿದಳು.

“ಹೂಂ ಅತ್ತೆ, ಬರ್ತಾರೆ ಅಂತನೇ.”

“ಯಾರ್ಯಾರು ಬರ್ತಾರೆ?”

ಎಲ್ಲರೂ ಅಂದೆ. ಅವಳು ಬೇಳೆಯಿಂದ ಒಂದು ಕಲ್ಲು ಆರಿಸಿ ಎಸೆದಳು. ನಾನೊಂದಿಷ್ಟು ಮನೆಗೆ ಫೋನು ಮಾಡಲಾ ಅಂತ ಮೆಲ್ಲಗೆ ಕೇಳಿದಳು. ಬೇಡ ಅತ್ತೆ, ಗಂಟಲು ನೋವಿದೆ, ಮತ್ತೆ ಮಾಡಿದರೆ ಜನಕ್ಕೂ ಕಿರಿಕಿರಿ ಅಂದೆ.

“ಓದಿದೋಳು ಹೇಳ್ತೀಯ. ಹಂಗೇ ಆಗ್ಲಿ ಬಿಡವ್ವ.”

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತೇನೋ...

ಗುರುವಾರ ಬೆಳಿಗ್ಗೆ ನಾನೇನು ಮಾಡುತ್ತಿದ್ದೆ ಅಂತ ಹೇಳಲು ನಾಚಿಕೆಯಾಗುತ್ತದೆ. ಬಸ್ಸಿನ ಫೋಟೋದ ಮೇಲೆ ಕೆಂಪು ಅಕ್ಷರದಲ್ಲಿ ‘ನಮ್ಮೂರ ಬಸ್ಸು, ನಮ್ಮ ಹಕ್ಕು’ ಅಂತ ಬರೆದು ಗ್ರೂಪಿಗೆ ಹಾಕಲು ಒದ್ದಾಡುತ್ತಿದ್ದೆ. ಅಕ್ಷರ ಒಮ್ಮೆ ದೊಡ್ಡದಾಗುತ್ತಿತ್ತು, ಒಮ್ಮೆ ಚಿಕ್ಕದಾಗುತ್ತಿತ್ತು. ಹೇಗೂ ಅಷ್ಟು ಜನ ಬಂದಿರುತ್ತಾರೆ, ನಾನು ಐದು ನಿಮಿಷ ತಡವಾಗಿ ಹೋದರೆ ಏನು ಮಹಾ ಅಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡಿದ್ದರು ಅಂತ ಆಮೇಲೆ ಗೊತ್ತಾಯಿತು.

ನಾನು ಹೋಗುವಷ್ಟರಲ್ಲಿ ಸಾಹೇಬರ ಜೀಪು ತಿರುಗುತ್ತಿತ್ತು. ಸ್ಟಾಪಿನಲ್ಲಿದ್ದವರು ಅತ್ತೆ, ಅವಳ ಮಗಳು, ನಮ್ಮ ಓಣಿಯ ನಾಲ್ಕು ಹೆಂಗಸರು, ಚೀಲ ಹೆಗಲಿಗೆ ಹಾಕಿಕೊಂಡ ಮೂವರು ಹುಡುಗಿಯರು. ಒಂಬತ್ತು ಜನ. ಅಷ್ಟೊತ್ತೂ ಅತ್ತೆ ಸಾಹೇಬರ ಹತ್ತಿರ, ಇನ್ನೊಂದು ಗಳಿಗೆ ಇರ್ರಿ, ಜನ ಬರಾಕೆ ಹತ್ಯಾರೆ ಅಂತ ಬೇಡಿಕೊಂಡಿದ್ದಳಂತೆ. ಅವರು ಇಪ್ಪತ್ತು ನಿಮಿಷ ಕಾದರು, ಪಾಪ, ಒಳ್ಳೆಯವರೇ. ಒಂಬತ್ತು ಅಂತ ಬರೆದುಕೊಂಡು ಹೋದರು. ಇರುವುದನ್ನೇ ಬರೆದಿದ್ದಾರೆ, ಅವರ ಮೇಲೆ ನಾನು ಯಾವ ದೂರು ಹೇಳಲಿ?

ಅತ್ತೆ ಮೋರಿಯ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ, ಕೈಯಲ್ಲಿದ್ದ ಫೋನು ನೋಡಿ, ಎದ್ದು ಸೀರೆ ಕೊಡವಿಕೊಂಡಳು. ನಡಿಯವ್ವ, ಮಕ್ಕಳ ಅಡುಗೆಗೆ ಹೊತ್ತಾತು ಅಂದಳು. ನಾನು ಅವಳ ಹಿಂದೆಯೇ ನಡೆದೆ. ಅಷ್ಟೊತ್ತಿಗೆ ಗ್ರೂಪಿನಲ್ಲಿ ಏನಾಯ್ತು, ಅಪ್‌ಡೇಟ್ ಕೊಡಿ ಅಂತ ಕೇಳುತ್ತಿದ್ದರು. ಮನೆಯಲ್ಲೇ ಇದ್ದ ಒಬ್ಬ ಮಹಾಶಯ ನಮ್ಮೂರ ಜನಕ್ಕೆ ಒಗ್ಗಟ್ಟಿಲ್ಲ ಅಂತ ಬರೆದ. ಅದಕ್ಕೂ ಮೂವತ್ತು ಜನ ಹೆಬ್ಬೆರಳು ಎತ್ತಿದರು. ಮರುದಿನ ಅತ್ತೆ ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. ಹೋಗುವುದಾದರೂ ಯಾರ ಮನೆಗೆ? ಯಾರೂ ಹೆಸರು ಕೊಟ್ಟಿರಲೇ ಇಲ್ಲವಲ್ಲ.

ಬಸ್ಸು ನಿಂತಿತು. ಹುಡುಗಿಯರು ಕೆಲವು ದಿನ ಸಿಕ್ಕ ಆಟೋ, ಗೂಡ್ಸ್ ಗಾಡಿ ಹತ್ತಿ ಹೋದರು. ಆಮೇಲೆ ಒಬ್ಬೊಬ್ಬರನ್ನೇ ಮನೆಯವರು ಬಿಡಿಸಿದರು. ಅತ್ತೆ ಸೋಲಲು ಒಪ್ಪದೆ, ಮಗಳನ್ನು ಹೊನ್ನಾಳಿಯಲ್ಲಿ ತಂಗಿಯ ಮನೆಗೆ ಕಳಿಸಿ ಅಲ್ಲಿನ ಕಾಲೇಜಿಗೆ ಹಾಕಿದಳು. ಅಲ್ಲಿ ಬೆಳಿಗ್ಗೆ ಮುಸುರೆ, ಸಂಜೆ ರೊಟ್ಟಿ, ನಡುವೆ ತಂಗಿಯ ಕೂಸು. ಓದಲು ಹೊತ್ತೆಲ್ಲಿ... ಎರಡು ವಿಷಯದಲ್ಲಿ ಫೇಲಾದಳು. ಓದು ಅವಳ ಹಣೆಯಲ್ಲಿ ಬರೆದಿಲ್ಲ ಅಂತ ದೊಡ್ಡವರು ತೀರ್ಮಾನ ಮಾಡಿ, ಮುಂದಿನ ವರ್ಷ ನ್ಯಾಮತಿ ಕಡೆ ಸವಳಂಗದ ಒಂದು ಮನೆಗೆ ಮದುವೆ ಮಾಡಿ ಕೊಟ್ಟರು. ಆಮೇಲೆ ಅತ್ತೆ ಕಟ್ಟೆಯ ಮೇಲೆ ಕೂತು ಯಾರಿಗೂ ಫೋನು ಮಾಡಿದ್ದನ್ನು ನಾನು ನೋಡಲಿಲ್ಲ. ನಾನೂ ಚನ್ನಗಿರಿಯ ಖಾಸಗಿ ಶಾಲೆಯೊಂದರಲ್ಲಿ ಕೆಲಸ ಸಿಕ್ಕು ಊರು ಬಿಟ್ಟೆ. ಹಬ್ಬಕ್ಕೆ ಹೋದಾಗ ಅವಳು ಎಂದಿನಂತೆ ಮಾತಾಡಿಸಿ ಚಹಾ ಕೊಡುತ್ತಿದ್ದಳು. ಆ ಗುರುವಾರದ ಮಾತನ್ನು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಎರಡು ವರ್ಷದ ಹಿಂದೆ ಅತ್ತೆ ತೀರಿಕೊಂಡಳು. ಆ ಸುದ್ದಿ ಬಂದಿದ್ದೂ ಅದೇ ಗ್ರೂಪಿನಲ್ಲಿ. ಗುಲಾಬಿ ಹೂವಿನ ಕಾಟ ತಡೆಯಲಾಗದೆ ನಾನು ಅದರ ಸದ್ದು ನಿಲ್ಲಿಸಿಟ್ಟಿದ್ದೆ. ತೆರೆದು ನೋಡುವ ಹೊತ್ತಿಗೆ ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ಸಾಲುಸಾಲು ಮುಗಿದ ಕೈಗಳು, ಓಂ ಶಾಂತಿ, ಓಂ ಶಾಂತಿ. ನಾನೂ ಒಂದು ಓಂ ಶಾಂತಿ ಹಾಕಿ, ಪರೀಕ್ಷೆಯ ಪೇಪರು ತಿದ್ದಲು ಕೂತೆ. ಅಷ್ಟೂ ಮಾಡಿದವಳು ನಾನೇ, ಬೇರೆ ಯಾರೂ ಅಲ್ಲ. ಮಗಳಿಗೆ ಒಂದು ಫೋನು ಮಾಡಬೇಕು ಅನ್ನುವುದು ನಾಳೆ, ನಾಡಿದ್ದು ಅಂತ ಎರಡು ವರ್ಷ ಮುಂದೆ ಹೋಯಿತು.

ಬಸ್ಸಿನಲ್ಲಿ ಆ ದನಿ ಕೇಳಿದ ಮೇಲೆ ಇನ್ನು ತಡೆಯಲಾಗಲಿಲ್ಲ. ಮೊನ್ನೆ ಭಾನುವಾರ ಅತ್ತೆಯ ಮಗಳಿಗೆ ಫೋನು ಮಾಡಿದೆ. ಗುರುತು ಹಿಡಿದು, ಚೆನ್ನಾಗಿದ್ದೀಯಾ ಅಕ್ಕ ಅಂತ ನಿನ್ನೆ ಮಾತಾಡಿದವಳ ಹಾಗೆ ಕೇಳಿದಳು. ಮೆಕ್ಕೆಜೋಳ ಮುರಿಯುವ ಕೂಲಿಗೆ ಹೋಗುತ್ತಿದ್ದಾಳಂತೆ. ಅವಳ ಮಗಳು ಈಗ ಮೂರನೇ ಕ್ಲಾಸಂತೆ. ಅವ್ವ ಕೊನೆಗೆ ತುಂಬಾ ನೋವು ತಿನ್ನಲಿಲ್ಲ, ಮಲಗಿದಲ್ಲೇ ಹೋದಳು ಅಂದಳು. ನಾನೇ ಮಾತು ತೆಗೆದೆ. ಅವತ್ತು ಬಸ್ಸು ಹೋಗಿದ್ದು ನನ್ನಿಂದ, ಅತ್ತೆ ಫೋನು ಮಾಡುತ್ತೇನೆ ಅಂದಾಗ ಬೇಡ ಅಂದವಳು ನಾನು ಅಂದೆ. ಆ ಕಡೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.

“ಒಂದು ಕೇಳ್ತೀನಿ ಅಕ್ಕ, ನಿಜ ಹೇಳು. ಬಸ್ ಇದ್ದಿದ್ರೆ ನಾನು ಟೀಚರ್ ಆಗ್ತಿದ್ನಾ? ಇಲ್ಲ, ನನ್ನ ಕೈಲಿ ಆಗ್ತಿರ್ಲಿಲ್ವಾ?”

ಯಾರಿಗೆ ಗೊತ್ತು, ಎಲ್ಲ ದೇವರ ಇಚ್ಛೆ ಅಂದುಬಿಡಬಹುದಿತ್ತು. ಅಂದಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತು.

“ಆಗ್ತಿದ್ದೆ ಕಣೆ,” ಅಂದೆ. “ನೀನು ನನಗಿಂತ ಚೆನ್ನಾಗಿ ಓದ್ತಿದ್ದೆ.”

“ಹೌದಾ...” ಅಂದಳು. “ನಾನು ಇಷ್ಟು ವರ್ಷ ನಾನೇ ದಡ್ಡಿ ಅಂದ್ಕಂಡಿದ್ದೆ ಅಕ್ಕ.”

ಸಿಟ್ಟಿರಲಿಲ್ಲ ಆ ದನಿಯಲ್ಲಿ, ಅಳುವೂ ಇರಲಿಲ್ಲ. ನಲ್ಲಿಯಲ್ಲಿ ನೀರು ಬಂತು, ಮತ್ತೆ ಹೋಗಿಬಿಡುತ್ತೆ ಅಂತ ಫೋನು ಇಟ್ಟಳು.