ನಾಟಿ ಗದ್ದೆಗೆ ನುಗ್ಗೆಬೀಜದ ನೀರು

ಮಂಡಿ ನೋವು ಶುರುವಾದ ಮೇಲೆ ನಮ್ಮತ್ತೆ ಗದ್ದೆಗಿಳಿಯೋದು ಬಿಟ್ಟರು. ಬಗ್ಗಿ ಪೈರು ನೆಡಲಾಗದಿದ್ದರೇನು, ನಾಟಿ ಹೆಂಗಸರಿಗೆ ಕುಡಿಯೋ ನೀರು ಹೊತ್ತು ತರೋದು ತನ್ನ ಪಾಲಿನ ಕೆಲಸ ಅಂತ ಹಿಡಿದುಕೊಂಡರು. ಊರಿಗೆ ಫಿಲ್ಟರ್ ನೀರಿನ ಮೆಷೀನು ಬಂದದ್ದೇ ತಡ, ಅದೂ ಕೈತಪ್ಪಿತು. ನಮ್ಮ ಯಜಮಾನರು ಬೈಕಿನಲ್ಲಿ ಎರಡು ಕ್ಯಾನು ತಂದು ಗದ್ದೆ ಬದದ ಮೇಲಿಟ್ಟು ಹೋಗೋರು. ಅತ್ತೆ ಜಗುಲಿ ಮೇಲೆ ಕೂತು ಕೋಳಿ ಓಡಿಸೋರು. "ನಾನೀಗ ಊಟಕ್ಕಿಲ್ಲದ ಉಪ್ಪಿನಕಾಯಿ ಕಣಮ್ಮ" ಅಂದಾಗ ಏನಾದರೂ ಒಳ್ಳೆ ಮಾತು ಹೇಳಬೇಕು ಅನ್ನಿಸೋದು. ಆದರೆ ನಾನು ಮದ್ದೂರು ಕಡೆಯವಳು, ನಯವಾಗಿ ಸಮಾಧಾನ ಹೇಳೋದು ನನ್ನ ಹಣೇಲಿ ಬರೆದಿಲ್ಲ. "ಸುಮ್ನೆ ಕಾಪಿ ಕುಡೀರಿ" ಅಂದು ಒಳಗೆ ಹೋಗುತ್ತಿದ್ದೆ.

ಹೋದ ಸಲ ನಾಟಿ ಹೊತ್ತಿಗೆ ಸರಿಯಾಗಿ ಮೆಷೀನು ಕೆಟ್ಟು ಕೂತಿತು. ನಲ್ಲಿ ನೀರು ಬಾಯಿಗಿಟ್ಟರೆ ಉಪ್ಪುಪ್ಪು, ಅದರಲ್ಲಿ ಬೇಳೆ ಕೂಡ ಬೇಯೋದಿಲ್ಲ. ನಾಲೆ ನೀರು ಸಿಹಿ, ಆದರೆ ಆಗತಾನೇ ಬಿಟ್ಟಿದ್ದರಿಂದ ಕೆಂಪಗೆ ಬಗ್ಗಡ. ಯಜಮಾನರು ತಲೆ ಕೆರೆದುಕೊಂಡು ನಿಂತಿದ್ದಾಗ ಅತ್ತೆ ಅಂದರು, "ನುಗ್ಗೆ ಬೀಜ ಐತೆ ಬುಡು ಮಗ. ನಾನು ತಿಳಿ ಮಾಡ್ಕೊಡ್ತೀನಿ."

ಅತ್ತೆಯ ತವರು ಮಳವಳ್ಳಿ ಕಡೆ. ಅಲ್ಲಿ ಕೆರೆ ನೀರನ್ನು ಹೀಗೇ ತಿಳಿ ಮಾಡುತ್ತಿದ್ದರಂತೆ. ಒಣಗಿದ ನುಗ್ಗೆ ಬೀಜದ ಸಿಪ್ಪೆ ತೆಗೆದು, ಬಿಳಿ ತಿರುಳು ಅರೆದು, ಕದಡಿದ ನೀರಿಗೆ ಹಾಕಿ ಮೊದಲು ಬಿರುಸಾಗಿ, ಆಮೇಲೆ ನಿಧಾನಕ್ಕೆ ತಿರುಗಿಸಿ ಬಿಟ್ಟುಬಿಡಬೇಕು. ಮಣ್ಣೆಲ್ಲ ಗುಂಪುಗೂಡಿ ತಳ ಸೇರುತ್ತೆ. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿಕೊಳ್ಳೋದು. "ಕಣ್ಣಿಗೆ ತಿಳಿಯಾದ್ರೆ ಸಾಲ್ದು ಅತ್ತೆ, ಕುದಿಸ್ಬೇಕು" ಅಂದೆ. "ನಮ್ ಕಾಲ್ದಲ್ಲಿ ಯಾರ್ ಕುದಿಸ್ತಿದ್ರು?" ಅಂದರು. "ನಿಮ್ ಕಾಲ್ದಲ್ಲಿ ವಾಂತಿಬೇದೀನೂ ಇತ್ತು" ಅಂದೆ. ಮೂತಿ ತಿರುವಿಕೊಂಡರೂ ಕುದಿಸಿದರು, ಆರಿಸಿದರು.

ಬೆಳಿಗ್ಗೆ ಬಿಂದಿಗೆ ನನ್ನ ಸೊಂಟದ ಮೇಲೆ, ಚೊಂಬು ಅತ್ತೆ ಕೈಯಲ್ಲಿ. ಗಾಜಿನಂಥ ನೀರು. ನಾಟಿ ಗುಂಪಿನ ಹಿರಿಯ ಹೆಂಗಸು ಒಂದು ಗುಟುಕು ಬಾಯಿಗೆ ಹಾಕಿ ಥೂ ಅಂತ ಉಗಿದು ಅತ್ತೆ ಕಡೆ ತಿರುಗಿದಳು. "ಏನ್ ದೊಡ್ಡವ್ವ, ನಾಟಿ ಆಕ್ಸೋಕ್ ಕರದ್ಯೋ, ಬೇದಿ ಮಾಡ್ಸೋಕ್ ಕರದ್ಯೋ?"

ಮೂಸಿ ನೋಡಿದೆ. ಅಯ್ಯೋ ಶಿವನೇ, ಹರಳೆಣ್ಣೆ! ನಮ್ಮ ಮನೇಲಿ ಕಾಳು ಅಂದರೆ ಮುಗೀತು, ಹುಳ ಬೀಳಬಾರದು ಅಂತ ಅತ್ತೆ ಹರಳೆಣ್ಣೆ ಸವರದೆ ಡಬ್ಬಿಗೆ ಹಾಕೋರಲ್ಲ. ಅವರೆಕಾಳಿಗೆ ಸವರಿದ ಕೈಯಲ್ಲೇ ನುಗ್ಗೆ ಬೀಜಕ್ಕೂ ಸವರಿ ಇಟ್ಟಿದ್ದರು. ಸಿಪ್ಪೆ ಸುಲಿಯುವಾಗ ಆ ಎಣ್ಣೆ ಕೈಗೆ, ಕೈಯಿಂದ ತಿರುಳಿಗೆ ಹತ್ತಿತ್ತು. ಗದ್ದೆ ತುಂಬ ಹೆಂಗಸರು ಬಿದ್ದು ಬಿದ್ದು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಅತ್ತೆ ಮಾತ್ರ ನಗಲಿಲ್ಲ.

ಚೊಂಬು ಬೋರಲು ಹಿಡಿದು ಮನೆ ದಾರಿ ಹಿಡಿದರು. ಹಟ್ಟಿ ಬಾಗಿಲಿಗೆ ಬಂದಾಗ, "ಬಾಯಾರ್ದೋರಿಗೆ ನೀರ್ ಕೊಡಕ್ಕೂ ಆಗ್ನಿಲ್ಲ ನನ್ ಕೈಲಿ" ಅಂದರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಮುಂದೆ ಓಡಿತು. "ಕೂತ್ಕೊಂಡ್ ಅಳಕ್ಕೆ ಪುರುಸೊತ್ತಿಲ್ಲ, ಸೀಗೆಪುಡಿ ಹಾಕಿ ಕೈ ತೊಳ್ಕೊಳ್ಳಿ!" ಅಂದು ದೋಟಿ ತಗೊಂಡು ಹಿತ್ತಲಿಗೆ ಹೋದೆ. ಮರದಲ್ಲೇ ಒಣಗಿ ನಿಂತಿದ್ದ ನುಗ್ಗೆಕಾಯಿ ಕೆಡವಿದೆ. ಅತ್ತೆ ಅರೆದರು, ತಿರುಗಿಸಿದರು, ಕೊಳಗದ ಪಕ್ಕದಲ್ಲೇ ಕಾವಲು ಕೂತರು. ನಾನು ಜೋರಾಗಿ ನಡೆದರೂ "ಮೆಲ್ಲಗೆ, ಕದಡ್ತದೆ" ಅನ್ನೋರು. ತಿಳಿ ಸೋಸಿ ಕುದಿಸೋ ಹೊತ್ತಿಗೆ ಮಧ್ಯಾಹ್ನ. ಆರಿಸೋಕೆ ಹೊತ್ತೆಲ್ಲಿ? ಬಿಸಿ ಇದ್ದ ಹಾಗೇ ಬಿಂದಿಗೆಗೆ ಸುರಿದುಕೊಂಡು ಹೊರಟೆವು.

ಜಡಿ ಮಳೆ ಹಿಡಿದಿತ್ತು. ಹೆಂಗಸರು ಗರಿ ಹೆಣೆದ ಗೊರಗು ಹೊದ್ದು, ಕೆಸರಲ್ಲಿ ನೆನೆದು ಚಿರುಟಿದ ಬೆರಳು ಉಜ್ಜಿಕೊಳ್ಳುತ್ತಾ ಬದದ ಮೇಲೆ ಕೂತಿದ್ದರು. ಹಿರಿಯ ಹೆಂಗಸು ಚೊಂಬನ್ನು ಮೊದಲು ಮೂಸಿದಳು. ಒಂದು ಗುಟುಕು ಕುಡಿದಳು. ಆಮೇಲೆ ಎರಡು ಕೈಯಲ್ಲೂ ಚೊಂಬು ತಬ್ಬಿ ಹಿಡಿದು ಪೂರ್ತಿ ಕುಡಿದು, "ಉಸ್ಸಪ್ಪಾ! ಎದೆ ಬೆಚ್ಚಗಾಯ್ತು. ಇನ್ನೊಂದ್ ಚೊಂಬು ಉಯ್ಯವ್ವ" ಅಂದಳು. ಬಿಂದಿಗೆ ಖಾಲಿಯಾಯಿತು.

ಮಾರನೇ ದಿನ ಮೆಷೀನು ರಿಪೇರಿ ಆಯಿತು. ಯಜಮಾನರು ಯಾರನ್ನೂ ಕೇಳದೆ ಕ್ಯಾನು ಇಳಿಸಿ ಬಂದರು. ಅತ್ತೆ ಜಗುಲಿ ಮೇಲೆ ಹೋಗಿ ಕೂತರು. ಗಂಡನ್ನ ಬೈಯೋಣ ಅಂದರೆ ಅವರದೂ ತಪ್ಪಲ್ಲ. ಮುದ್ದೆ, ಬಸ್ಸಾರು ಹೊತ್ತು ಗದ್ದೆಗೆ ಹೋದೆ. ನೋಡಿದರೆ ಎರಡು ಕ್ಯಾನಿನ ಮುಚ್ಚಳವೂ ತೆಗೆದಿಲ್ಲ.

"ಯಾಕ್ರೇ, ನೀರು ಕುಡೀಲಿಲ್ವಾ?"

"ಈ ಸೀತದಲ್ಲಿ ತಣ್ಣೀರ್ ಯಾರ್ ಕುಡ್ದಾರು? ದೊಡ್ಡವ್ವ ಎಲ್ಲಿ? ಅವ್ಳ್ ಬರ್ಲಿ ಅಂತ ಕಾಯ್ತಾ ಕುಂತಿವಿ" ಅಂದಳು ಹಿರಿಯ ಹೆಂಗಸು.

ಊಟದ ಕುಕ್ಕೆ ಅಲ್ಲೇ ಇಳಿಸಿ ಮನೆಗೆ ಓಡಿದೆ. ಅತ್ತೆಗೆ ಹೇಳಿದೆ. ಈಗ ಅರೆದು, ತಿಳಿಯಾಗಿ, ಕುದ್ದು, ಯಾವ ಕಾಲಕ್ಕೆ ಅಂದುಕೊಳ್ಳುತ್ತಾ ದೋಟಿಗೆ ಕೈ ಹಾಕಿದೆ.

ಅತ್ತೆ ನನ್ನ ಮುಖ ನೋಡಲಿಲ್ಲ. ಸೆರಗು ಸರಿಮಾಡಿಕೊಳ್ಳುತ್ತಾ ಮೆಲ್ಲಗೆ ಅಂದರು, "ಅಡಿಗೆಮನೆ ಮೂಲೇಲಿ ನೋಡು. ಬೆಳಿಗ್ಗೇನೇ ತಿಳಿ ಮಾಡಿ ಮುಚ್ಚಿ ಮಡಗಿವ್ನಿ. ಒಲೆ ಹಚ್ಚು, ನಡಿ."