ಕ್ಲಚ್ ಇಲ್ಲದ ಪಿಕಪ್

ಸ್ನೇಹಿತರೇ, ಇವತ್ತು ಸವಳಂಗ ರಸ್ತೆಯ ನಡುವೆ ನಮ್ಮ ಯಜಮಾನರು ಕ್ಲಚ್ ಎಂದುಕೊಂಡು ಎಡಗಾಲಲ್ಲಿ ಬ್ರೇಕ್ ತುಳಿದರು. ಹಳೇ ಪಿಕಪ್ ಗಕ್ಕನೆ ನಿಂತಿತು. ಮಂಡಿನೋವಿಂದ ಕ್ಲಚ್ ಒತ್ತಲಾಗದೆ, ಭದ್ರಾವತಿಯ ಮೆಕ್ಯಾನಿಕ್ ಹತ್ತಿರ ಮೊನ್ನೆಯಷ್ಟೇ ಗೇರ್‌ಬಾಕ್ಸ್ ತೆಗೆಸಿ ಆಟೊಮ್ಯಾಟಿಕ್ ಹಾಕಿಸಿದ್ದರು. ಕಾಲಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ಹಿಂದಿದ್ದ ಆಟೊದವನು, "ಅಣ್ಣಾ, ಕಲಿಯೋವಾಗ ಎಲ್ ಬೋರ್ಡ್ ಹಾಕ್ಕೊಳ್ಳಿ" ಎಂದ.

ಮೂರನೇ ಸಲವೂ ಹಾಗೇ ಆದಾಗ, "ಇಳೀರಿ, ನಾನು ಓಡಿಸ್ತೀನಿ" ಎಂದೆ. ನನಗೆ ಲೈಸೆನ್ಸ್ ಇದ್ದರೂ "ಗೇರ್ ಗಾಡಿ ನಿನ್ನ ಕೈಲಾಗಲ್ಲ" ಎಂದು ಹತ್ತು ವರ್ಷ ಸ್ಟೀರಿಂಗ್ ಮುಟ್ಟಗೊಡದವರು, ಇಳಿದು ಪಕ್ಕಕ್ಕೆ ಬಂದು ಕೂತರು. ದುರ್ಗಿಗುಡಿಯ ಮನೆಯವರೆಗೂ ಒಂದು ಜರ್ಕೂ ಇಲ್ಲದೆ ಗಾಡಿ ತಂದು ನಿಲ್ಲಿಸಿದೆ. ಇವರು ಇಳಿದು ಬಾಗಿಲು ಹಾಕುತ್ತಾ, "ಇದೇನು ದೊಡ್ಡ ವಿಷಯ ಅಲ್ಲ ಮಾರಾಯ್ತಿ, ಈಗ ಗಾಡಿ ತಾನಾಗೇ ಓಡುತ್ತೆ" ಎಂದರು.

ಇವರು ಸ್ಟೀರಿಂಗ್ ಮುಂದೆ ಕೂತಿದ್ದಾಗ ಯಾಕೆ ಓಡಲಿಲ್ಲವೋ, ಗಾಡಿಯನ್ನೇ ಕೇಳಬೇಕು.