ಯಾರೂ ಕೂರದ ಕಂಪ್ಯೂಟರ್

ಬಾಗಿಲು ತೆಗೆದರೆ ಒಳಗೆ ಹನ್ನೆರಡು ಜನ ರಟ್ಟಿನ ಮೇಲೆ ಟೈಪ್ ಮಾಡುತ್ತಿದ್ದರು. ಸುಳ್ಳಲ್ಲ, ರಟ್ಟು. ಬಿಸ್ಕತ್ತಿನ ಪೆಟ್ಟಿಗೆ ಕತ್ತರಿಸಿ, ಮೇಲೆ ಸ್ಕೆಚ್ ಪೆನ್ನಿನಿಂದ ಕೀಬೋರ್ಡ್ ಬರೆದು, ತೊಡೆಯ ಮೇಲಿಟ್ಟುಕೊಂಡು ಶ್ರದ್ಧೆಯಿಂದ ಬಡಿಯುತ್ತಿದ್ದರು. ಎದುರಿಗೆ ನಿಂತ ಮೇಷ್ಟ್ರು "ಡಿ, ಐ, ಆರ್, ಎಂಟರ್!" ಎಂದು ಕೂಗಿದರೆ ಹನ್ನೆರಡು ಬೆರಳು ಒಟ್ಟಿಗೆ ರಟ್ಟಿಗೆ ಬೀಳುತ್ತಿದ್ದವು. ಗೋಡೆಯ ಕಡೆಗಿದ್ದ ಮೂರು ನಿಜವಾದ ಕಂಪ್ಯೂಟರುಗಳ ಮೇಲೆ ಟವೆಲ್ ಹೊದಿಸಿತ್ತು. ಕರೆಂಟು ಹೋಗಿ ಎರಡು ಗಂಟೆಯಾಗಿತ್ತಂತೆ. ಹಿಂದಿನ ಸಾಲಿನಿಂದ ಒಬ್ಬ ಕೈ ಎತ್ತಿದ. "ಸರ್, ನಂದು ಹ್ಯಾಂಗ್ ಆಗೈತ್ರಿ!" ಇಡೀ ಕೋಣೆ ಘೊಳ್ಳೆಂದಿತು. ನಾನು ಕೈಯಲ್ಲಿ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅಯ್ಯೋ ಶಿವನೇ, ಎಲ್ಲಿಗೆ ಬಂದೆ ನಾನು ಅನ್ನಿಸಿತು.

ಬಂದದ್ದು ಹೊಸಪೇಟೆಗೆ, ಮದ್ದೂರಿನಿಂದ, ಈ ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸಲು, ಎರಡು ವರ್ಷದ ಮಟ್ಟಿಗೆ. ಮೂವತ್ತು ವರ್ಷದ ಹತ್ತಿರಹತ್ತಿರ ಆಯಿತು, ಆ ಎರಡು ವರ್ಷ ಇನ್ನೂ ಮುಗಿದಿಲ್ಲ. ಆಗ ನನ್ನ ಹತ್ತಿರ ಒಂದು ಸರ್ಟಿಫಿಕೇಟ್ ಇತ್ತು. ಹತ್ತು ಕಂಪ್ಯೂಟರನ್ನು ತಂತಿಯಿಂದ ಒಂದಕ್ಕೊಂದು ಜೋಡಿಸಿ, ಎಲ್ಲರ ಕಡತಗಳನ್ನೂ ಒಂದೇ ಯಂತ್ರದಲ್ಲಿ ಇಟ್ಟು ಕಾಯುವ ನೆಟ್‌ವರ್ಕ್ ಆಪರೇಟಿಂಗ್ ಸಿಸ್ಟಮ್ಮನ್ನು ನಾನು ಕಲಿತಿದ್ದೆ. ಒಂಟಿ ಕಂಪ್ಯೂಟರ್ ನಡೆಸುವ ಡಾಸ್ ಕಲಿತವರು ಬೀದಿಗೊಬ್ಬರಿದ್ದರು. ನೆಟ್‌ವರ್ಕ್ ಕಲಿತವರು, ಅದರಲ್ಲೂ ಹೆಂಗಸರು, ಹುಡುಕಿದರೂ ಇರಲಿಲ್ಲ. ಹಾಗಾಗಿ ನನಗೆ ಸ್ವಲ್ಪ ಕೊಬ್ಬಿತ್ತು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಬಾಡಿಗೆಗೆ ಚಿತ್ತವಾಡಗಿಯಲ್ಲಿ ಒಂದು ಕೋಣೆ ಸಿಕ್ಕಿತು. ಮನೆಯೊಡತಿ ಶಾಂತವ್ವ ಮೊದಲ ದಿನ ಕೇಳಿದ್ದು ಜಾತಿಯನ್ನಲ್ಲ, ಸಂಬಳವನ್ನೂ ಅಲ್ಲ, "ರೊಟ್ಟಿ ಬಡಿಯಾಕ ಬರ್ತೈತೇನವಾ?" ಎಂದು. ನನಗೆ ಮುದ್ದೆ ತಿರುವಲು ಬರುತ್ತಿತ್ತು, ಅಷ್ಟೇ. ನಮ್ಮಲ್ಲಿ ಮುದ್ದೆ ನುಂಗುವುದು, ಇಲ್ಲಿ ರೊಟ್ಟಿ ಅಗಿಯುವುದು. ಮೊದಲ ತಿಂಗಳು ದವಡೆ ನೋಯುತ್ತಿತ್ತು. ಒಗ್ಗರಣೆ ಎಂದರೆ ನಮಗೆ ಸಾಸಿವೆ, ಕರಿಬೇವು. ಇಲ್ಲಿ ಒಗ್ಗರಣಿ ಎಂದರೆ ನೆನೆಸಿದ ಮಂಡಕ್ಕಿಯ ತಿಂಡಿ, ಜೊತೆಗೆ ಕಬ್ಬಿನ ಗಿಣ್ಣಿನಷ್ಟು ದಪ್ಪದ ಮಿರ್ಚಿ ಬಜ್ಜಿ. ಬೆಳಿಗ್ಗೆ ಎಂಟಕ್ಕೇ ಜನ ಮಿರ್ಚಿ ತಿನ್ನುವುದನ್ನು ನೋಡಿ ಹೊಟ್ಟೆ ಹಿಡಿದುಕೊಂಡಿದ್ದೆ. ಆರು ತಿಂಗಳಿಗೆ ನಾನೇ "ಇನ್ನೆರಡು ಹಾಕ್ರಿ" ಎನ್ನತೊಡಗಿದೆ. ಶಾಂತವ್ವನಿಗೆ ಅದು ತನ್ನದೇ ಗೆಲುವು.

ಮಾತಿನದೇ ತೊಂದರೆ. ನಾನು ಮಾತಿಗೊಂದು "ಕಣ್ರೀ" ಸೇರಿಸುತ್ತಿದ್ದೆ, ಸೆಂಟರಿನಲ್ಲಿ ನನಗೆ "ಕಣ್ರೀ ಮೇಡಂ" ಎಂದೇ ಹೆಸರಿಟ್ಟರು. ಎದುರಿಗೇ ಕರೆಯುತ್ತಿದ್ದರು, ಪಾಪ, ಮುಚ್ಚುಮರೆ ಇಲ್ಲ. ಭಾನುವಾರ ಮಾತ್ರ ಊರಿನ ನೆನಪು ತಡೆಯಲಾಗುತ್ತಿರಲಿಲ್ಲ. ಬಸ್ಸು ಹತ್ತಿ ಟಿ.ಬಿ. ಡ್ಯಾಮಿಗೆ ಹೋಗಿ ನೀರು ನೋಡುತ್ತ ಕೂರುತ್ತಿದ್ದೆ. ಕಾಲುವೆ ನೀರಿನ ಊರಲ್ಲಿ ಹುಟ್ಟಿದವಳಿಗೆ ಈ ಬಿಸಿಲಿನಲ್ಲಿ ಪರಿಚಯದ ಮುಖ ಎಂದರೆ ಅದೊಂದೇ. ಅಲ್ಲಿ ಕೂತು ಅತ್ತದ್ದೂ ಉಂಟು.

ಆ ವರ್ಷವೇ ಕಂಪ್ಲಿಯ ಒಂದು ಅಕ್ಕಿ ಗಿರಣಿಯವರು ನಮ್ಮ ಸೆಂಟರಿಗೆ ಬಂದರು. ಐದು ಕಂಪ್ಯೂಟರು, ಅವುಗಳ ಕಡತ ಕಾಯುವ ಒಂದು ಸರ್ವರು, ಜೊತೆಗೆ ಸಿಬ್ಬಂದಿಗೆ ಗಿರಣಿಯಲ್ಲೇ ಮೂರು ತಿಂಗಳ ತರಬೇತಿ. ದಿನಾ ಕಂಪ್ಲಿಗೆ ಹೋಗಿಬರುವ ಕೆಲಸ ನನ್ನ ಪಾಲಿಗೆ ಬಂತು. ಯಜಮಾನರು ವೀರನಗೌಡರು, ಅರವತ್ತರ ಹತ್ತಿರದವರು, ವಿಭೂತಿ ಹಚ್ಚಿದ ಅಗಲ ಹಣೆ, ಹೆಗಲ ಮೇಲೆ ಬಿಳಿ ವಲ್ಲಿ. ಗಿರಣಿಯಲ್ಲಿ ಯಾವ ರೈತರ ಭತ್ತ ಯಾವ ಗೋದಾಮಿನ ಯಾವ ರಾಶಿಯಲ್ಲಿದೆ ಎಂದು ಬರೆದಿಡುತ್ತಿದ್ದವಳು ಹುಲಿಗೆಮ್ಮ. ಗಂಡ ಅಲ್ಲೇ ಹಮಾಲನಾಗಿದ್ದವನು, ತೀರಿಕೊಂಡಿದ್ದ. ಆಮೇಲೆ ಇವಳು ಬಂದವಳು. ಏಳನೇ ಕ್ಲಾಸು ಓದು, ಮುತ್ತಿನಂಥ ಅಕ್ಷರ. ಆ ಅಕ್ಷರದ ಮೇಲೇ ಅವಳ ಬದುಕು ನಿಂತಿತ್ತು. ಕಂಪ್ಯೂಟರು ಬಂದದ್ದು ಆ ಅಕ್ಷರವನ್ನು ತೆಗೆಯಲು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಇದು ಬಂದ್ರ ನಾ ಎಲ್ಲಿ ಕುಂದ್ರಲಿ?" ಎಂದು ಮೊದಲ ದಿನವೇ ಕೇಳಿದಳು.

"ಕಲಿತರೆ ಇಲ್ಲೇ ಕೂರಬಹುದು ಕಣ್ರೀ" ಎಂದೆ. ಅವಳು ನಂಬಲಿಲ್ಲ. ಕ್ಲಾಸಿಗೆ ಬಂದು ಕೂತಳು, ಕಮಾಂಡುಗಳನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿದಳು, ಆದರೆ ತನ್ನ ಹಳೆಯ ಪುಸ್ತಕದಲ್ಲಿ ಬರೆಯುವುದನ್ನು ಬಿಡಲಿಲ್ಲ. ಕಂಪ್ಯೂಟರಿಗೊಂದು, ಪುಸ್ತಕಕ್ಕೊಂದು.

ಎರಡನೇ ವಾರದಿಂದ ಕಾಟ ಶುರುವಾಯಿತು. ಬೆಳಿಗ್ಗೆ ಬರೆಸಿದ್ದು ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಅರ್ಧಕ್ಕರ್ಧ ಮಾಯ. ಆ ಕಾಲದ ಸರ್ವರು ಬರೆದದ್ದನ್ನೆಲ್ಲ ಕೂಡಲೇ ಡಿಸ್ಕಿಗೆ ಇಳಿಸುತ್ತಿರಲಿಲ್ಲ, ಸ್ವಲ್ಪ ಹೊತ್ತು ನೆನಪಿನಲ್ಲೇ ಇಟ್ಟುಕೊಂಡಿರುತ್ತಿತ್ತು. ಥಟ್ಟನೆ ಸ್ವಿಚ್ಚು ಆರಿಸಿದರೆ ಅದೂ ಹೋಯಿತು, ತೆರೆದಿದ್ದ ಕಡತವೂ ಕೆಟ್ಟಿತು. ಆದರೆ ಆರಿಸುವವರು ಯಾರು? ಗಿರಣಿಗೆ ಸ್ವಂತ ಜನರೇಟರ್, ಸರ್ವರಿಗೆ ಬ್ಯಾಟರಿ. ನಾನು ಬಂದಾಗ ಸರ್ವರು ಉರಿಯುತ್ತಲೇ ಇರುತ್ತಿತ್ತು. ತಂತಿ ಬಿಚ್ಚಿ ಕಟ್ಟಿದೆ, ಕಾರ್ಡು ಬದಲಿಸಿದೆ. ನಾಲ್ಕು ಸಲ ಹೀಗಾಯಿತು. ನಾಲ್ಕು ಸಲವೂ ಕಳೆದುಹೋದದ್ದೆಲ್ಲ ಹುಲಿಗೆಮ್ಮನ ಪುಸ್ತಕದಲ್ಲಿ ಒಂದಕ್ಷರ ಬಿಡದೆ ಇತ್ತು. ಅವಳು ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದುದೂ ಸರ್ವರಿದ್ದ ಕೋಣೆಯ ಹೊಸ್ತಿಲ ಹೊರಗೇ.

ನನ್ನ ತಲೆಗೆ ಬೇರೇನೂ ಹೊಳೆಯಲಿಲ್ಲ. ಐದನೇ ಸಲ ಎಲ್ಲರೂ ಇದ್ದಾಗ, ಗೌಡರು, ಗುಮಾಸ್ತರು, ಬಾಗಿಲಲ್ಲಿ ನಿಂತ ಹಮಾಲರು, ಎಲ್ಲರ ಎದುರಿಗೆ ಅಂದುಬಿಟ್ಟೆ. "ಯಂತ್ರದ ತಪ್ಪಲ್ಲ ಕಣ್ರೀ ಇದು. ಕೆಲಸ ಹೋಗುತ್ತೆ ಅಂತ ಹೆದರಿ ಹುಲಿಗೆಮ್ಮನೇ ಬೇಕಂತ ಆರಿಸ್ತಿದ್ದಾಳೆ."

ಹುಲಿಗೆಮ್ಮ ನನ್ನ ಮುಖ ನೋಡಿದಳು. ಆಮೇಲೆ ಗೌಡರ ಮುಖ ನೋಡಿದಳು. ಬುತ್ತಿಗಂಟು ಎತ್ತಿಕೊಂಡು ಹೊರಗೆ ಹೋದಳು. ಗೌಡರು ವಲ್ಲಿ ಕೊಡವಿ, "ಈ ವಾರ ಮುಗೀಲಿ, ಆಮ್ಯಾಲೆ ನೋಡೂಣು" ಎಂದರು. ಅದರ ಅರ್ಥ ಅಲ್ಲಿದ್ದ ಎಲ್ಲರಿಗೂ ಆಯಿತು.

ಮರುದಿನ ನನಗೆ ಹೊಟ್ಟೆ ಸರಿಯಿರಲಿಲ್ಲ. ಊಟಕ್ಕೆ ಹೋಗದೆ ಆ ಕೋಣೆಯಲ್ಲೇ ಬೀರುವಿನ ಹಿಂದಿನ ಬೆಂಚಿನ ಮೇಲೆ ಮಲಗಿದ್ದೆ. ಎಲ್ಲರೂ ಹೋದರು. ಗೌಡರು ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಒಂದು ದೀಪ ಆರಿಸಿದರು, ಇನ್ನೊಂದು ದೀಪ, ಎರಡೂ ಫ್ಯಾನು. ಆಮೇಲೆ ಮೂಲೆಗೆ ಹೋಗಿ, "ಯಾರೂ ಕುಂತಿಲ್ಲ, ಸುಮ್ಮ ಉರಿಯಾಕ ಹತ್ತೈತಿ" ಎಂದು ಗೊಣಗುತ್ತ ಸರ್ವರನ್ನೂ ಆರಿಸಿ, ವಲ್ಲಿಯಿಂದ ಅದರ ನೆತ್ತಿಯ ಧೂಳು ಒರೆಸಿ ಹೋದರು. ಊಟ ಮಾಡಿ ಎಲ್ಲರಿಗಿಂತ ಮೊದಲು ಬಂದು ದೀಪ, ಫ್ಯಾನುಗಳ ಜೊತೆ ಅದನ್ನೂ ಹಚ್ಚಿದರು. ಗಿರಣಿಯಲ್ಲಿದ್ದ ದಿನ, ಕೋಣೆ ಖಾಲಿಯಾದರೆ ಯಜಮಾನನೇ ಕೈಯಾರೆ ಎಲ್ಲ ಆರಿಸುವುದು ಆ ಮನೆತನದ ರೂಢಿ. ಸರ್ವರಿನ ಮುಂದೆ ಯಾರೂ ಕೂರುವುದಿಲ್ಲವಲ್ಲ, ಅವರ ಕಣ್ಣಿಗೆ ಅದು ಖಾಲಿ ಕುರ್ಚಿಯ ಮೇಲೆ ತಿರುಗುವ ಫ್ಯಾನು. ಅದು ಆರಬಾರದು ಎಂದು ಗುಮಾಸ್ತರಿಗೆಲ್ಲ ಹೇಳಿದ್ದ ನಾನು, ಯಜಮಾನರಿಗೆ ಹೇಳಬೇಕೆಂದು ಯೋಚಿಸಿಯೇ ಇರಲಿಲ್ಲ.

ಆ ಕ್ಷಣವೇ ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ಎರಡು ದಿನ ಹೇಳಲಿಲ್ಲ. ಪರ ಊರು, ಒಂಟಿ ಹೆಂಗಸು, ಗೌಡರಿಗೆ ಸಿಟ್ಟು ಬಂದರೆ ನನ್ನ ಕೆಲಸವೂ ಹೋಗುತ್ತದೆ ಎಂದು ಲೆಕ್ಕ ಹಾಕುತ್ತ ಕಂಪ್ಲಿ ಬಸ್ಸಿನಲ್ಲಿ ಓಡಾಡಿದೆ. ದಾರಿಯ ಕಮಲಾಪುರದಲ್ಲಿ ಬಸ್ಸಿಗೆ ಬಾಳೆಗೊನೆ ಹತ್ತಿಸುವವರು ಮಾತಾಡಿಸಿದರೆ ಕಿಟಕಿಯ ಕಡೆ ತಿರುಗುತ್ತಿದ್ದೆ. ನಾಚಿಕೆ ಎಂದರೆ ಏನೆಂದು ಆ ಎರಡು ದಿನ ನನಗೆ ಗೊತ್ತಾಯಿತು.

ಮೂರನೇ ದಿನ ಹುಲಿಗೆಮ್ಮನ ಹತ್ತಿರ ಹೋಗಿ, "ಆರಿಸೋದು ಗೌಡರು" ಎಂದೆ.

"ಗೊತ್ತೈತ್ರಿ" ಎಂದಳು. ರೊಟ್ಟಿ ಮುರಿಯುವುದನ್ನೂ ನಿಲ್ಲಿಸಲಿಲ್ಲ.

"ಗೊತ್ತಿದ್ದೂ ಅವತ್ತು ಯಾಕೆ ಹೇಳಲಿಲ್ಲ?"

"ಮಂದಿ ಮುಂದ ಯಜಮಾನ್ರಿಗೆ 'ತಪ್ಪು ನಿಂದು' ಅನ್ನಾಕ ಬರ್ತೈತೇನ್ರಿ? ಅವರ ಅಪ್ಪಾರೂ ಹಿಂಗ ದೀಪ ಆರಿಸ್ತಿದ್ರು. ನನ್ನ ಗಂಡ ಸತ್ತಾಗ ಕರೆದು ಕೂಳು ಕೊಟ್ಟ ಮನಿ ಇದು."

"ನಿಮ್ಮ ಕೆಲಸ ಹೋಗುತ್ತಲ್ಲ!"

"ತಡೀರಿ. ನಾಳೆ ಕ್ಲಾಸಿಗೆ ಗೌಡ್ರನ್ನೂ ಕುಂದ್ರಸ್ರಿ."

ಕೂರಿಸಿದೆ. ಪಾಠದ ನಡುವೆ ಹುಲಿಗೆಮ್ಮ ಏನೂ ಅರಿಯದವಳಂತೆ ಕೈ ಎತ್ತಿದಳು. "ಮೇಡಂ, ನಂಗೊಂದು ತಿಳಿವಲ್ದು. ಈ ಮೂಲ್ಯಾಗಿಂದು, ಯಾರೂ ಕುಂದ್ರದ ಕಂಪ್ಯೂಟರ್, ಇದು ನಮ್ಮ ಕಾಲುವಿ ಲಸ್ಕರ್ ಇದ್ದಂಗೇನ್ರಿ?"

ಲಸ್ಕರ್ ಎಂದರೆ ಕಾಲುವೆಯ ತೂಬು ಕಾಯುವವನು, ನಮ್ಮ ನೀರುಗಂಟಿ. ನಾನು ಹೂಂ ಎನ್ನುವುದರೊಳಗೆ ಅವಳೇ ಮುಂದುವರಿಸಿದಳು. "ಲಸ್ಕರ್ ಜಾಲಿ ಮರದ ಬುಡಕ ಸುಮ್ಮ ಬೀಡಿ ಸೇದ್ಕೊಂತ ಕುಂತಿರ್ತಾನ. ನೋಡಿದೋರಿಗೆ ಅವಗ ಕೆಲಸಿಲ್ಲ. ಹಂಗಂತ ಮನಿಗೆ ಕಳಿಸಿದ್ರ ಕೆಳಗಿನ ಗದ್ದಿಗೆ ನೀರು ಹೋಗತೈತೇನ್ರಿ? ಮ್ಯಾಲಿನೋರು ಕೆಳಗಿನೋರು ಕೊಡಲಿ ತಗೋತಾರ."

ಗಿರಣಿಯಲ್ಲಿ ಎಲ್ಲರಿಗೂ ಗದ್ದೆ ಇತ್ತು, ಎಲ್ಲರೂ ನಕ್ಕರು. ಗೌಡರು ನಗಲಿಲ್ಲ. ಮೂಲೆಯ ಕಡೆ ನೋಡುತ್ತ ಕೂತರು. ಅವತ್ತು ಮಧ್ಯಾಹ್ನ ದೀಪ ಆರಿಸಿದರು, ಫ್ಯಾನು ಆರಿಸಿದರು. ಸರ್ವರಿನ ಕಡೆ ಕೈ ಹೋಯಿತು, ಹಿಂದಕ್ಕೆ ಬಂತು. ಸಂಜೆ ಎಲ್ಲರ ಎದುರಿಗೆ ಕರೆದರು. "ಹುಲಿಗೆಮ್ಮಾ, ಇನ್ನ ಮ್ಯಾಲೆ ಅದನ್ನ ನೀನ ನೋಡ್ಕೋ. ಯಾರು ಕೈ ಹಚ್ಚಿದ್ರೂ ಬಿಡಬ್ಯಾಡ. ನಾ ಹಚ್ಚಿದ್ರೂ ಬಿಡಬ್ಯಾಡ."

ಗೌಡರು ಅಷ್ಟಾದರೂ ಅಂದರು. ನಾನು ಏನನ್ನೂ ಅನ್ನಲಿಲ್ಲ. ಹೊರಿಸಿದ್ದು ಎಲ್ಲರ ಎದುರಿಗೆ, ಇಳಿಸಿದ್ದು ಯಾರ ಎದುರಿಗೂ ಇಲ್ಲ. ನಾಳೆ ಹೇಳೋಣ, ಸಮಯ ನೋಡಿ ಹೇಳೋಣ ಎಂದುಕೊಂಡೇ ವರ್ಷಗಳು ಹೋದವು.

ವರ್ಷಗಳೆಂದರೆ ಎಂಥ ವರ್ಷಗಳು! ವಿಂಡೋಸ್ ಬಂತು. ಹುಲಿಗೆಮ್ಮ ಬಾಯಿಪಾಠ ಮಾಡಿದ್ದ ಕಮಾಂಡುಗಳೆಲ್ಲ ಒಂದೇ ವಾರದಲ್ಲಿ ಕೆಲಸಕ್ಕೆ ಬಾರದವಾದವು. "ಕಲ್ತದ್ದೆಲ್ಲಾ ನೀರಾಗ ಹೋತಲ್ಲವ್ವಾ" ಎಂದು ಕೂತಳು. ಮೌಸು ಹಿಡಿದರೆ ಮೇಜಿನಿಂದಾಚೆಗೇ ಹೋಗುತ್ತಿದ್ದಳು. ನಾನು ನಗಲಿಲ್ಲ, ಏಕೆಂದರೆ ನನ್ನ ಗತಿಯೂ ಅದೇ. ನಾನು ಯಾವ ಸಿಸ್ಟಮ್ಮಿನ ಸರ್ಟಿಫಿಕೇಟ್ ಹಿಡಿದು ಇಷ್ಟು ದೂರ ಬಂದಿದ್ದೆನೋ ಅದನ್ನು ಕೇಳುವವರೇ ಇಲ್ಲವಾದರು. ಹೊಸ ಸಿಸ್ಟಮ್ಮಿಗೆ ಹೋಗುವುದೆಂದರೆ ಮನೆ ಬದಲಿಸಿದ ಹಾಗೆ. ಸಾಮಾನೆಲ್ಲ ಇರುತ್ತದೆ, ಆದರೆ ಉಪ್ಪಿನ ಡಬ್ಬಿ ಸಿಗುವುದಿಲ್ಲ. ನಾನೂ ಹುಲಿಗೆಮ್ಮನೂ ಪಕ್ಕಪಕ್ಕ ಕೂತು ಮತ್ತೆ ಒಂದನೇ ಕ್ಲಾಸಿನಿಂದ ಕಲಿತೆವು. ಅವಳು ನನಗಿಂತ ಬೇಗ ಕಲಿತಳು, ಅದನ್ನು ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗಿದಳು ಕೂಡ.

ಗಣಿ ಜೋರಾದಾಗ ಸಂಡೂರಿನ ಆಫೀಸುಗಳಿಗೆ ಹೋಗಿ ಕಲಿಸಿದೆ. ಅಲ್ಲಿ ಕಂಪ್ಯೂಟರ್ ಬಿಚ್ಚಿದರೆ ಒಳಗೆ ಕೆಂಪು ಧೂಳು, ಹೋಳಿಗೆ ಹೂರಣದ ಹಾಗೆ. ಹಂಪಿಯಲ್ಲಿ ಪ್ರವಾಸಿಗರ ಇಂಟರ್‌ನೆಟ್ ಅಂಗಡಿಗಳಿಗೆ ತಂತಿ ಎಳೆದೆ, ಅದನ್ನು ಮಂಗಗಳು ಕಿತ್ತವು, ಮತ್ತೆ ಎಳೆದೆ. ಆಮೇಲೆ ಲಿನಕ್ಸ್ ಕಲಿತೆ. ಈಗ ಸರ್ವರುಗಳು ಯಾವ ದೇಶದಲ್ಲಿವೆಯೋ, ಯಾರು ಕಾಯುತ್ತಾರೋ. ಪಾಪಿನಾಯಕನಹಳ್ಳಿಯಿಂದ ಕಲಿಯಲು ಬರುವ ಹುಡುಗಿಗೆ ಫೋನೆಲ್ಲ ಗೊತ್ತು. "ಬರೆದದ್ದು ಎಲ್ಲಿ ಸೇವ್ ಆಯ್ತಮ್ಮ?" ಎಂದರೆ, "ಅದೇನೋ ಗೊತ್ತಿಲ್ರಿ, ಅದ ಇಟ್ಕೊಂತೈತಿ" ಎನ್ನುತ್ತಾಳೆ. ರಟ್ಟಿನ ಮೇಲೆ ಕಲಿತವರಿಗೆ ಪ್ರತಿ ಕಡತದ ವಿಳಾಸವೂ ಗೊತ್ತಿತ್ತು. ಆ ಕೋಣೆ, ಆ ನಗು, ಆ ಹನ್ನೆರಡು ಬೆರಳಿನ ಸದ್ದು ಈಗಲೂ ನೆನಪಾಗುತ್ತದೆ.

ಈಚೆಗೆ ಕಂಪ್ಲಿಗೆ ಹೋಗಿದ್ದೆ. ಹುಲಿಗೆಮ್ಮ ನಿವೃತ್ತಳಾಗಿ ಕೋಟೆಯ ಕಡೆ ಮಗಳ ಮನೆಯಲ್ಲಿದ್ದಾಳೆ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಾಗ ಇನ್ನು ತಡೆಯಲಾರೆ ಅನ್ನಿಸಿ ಹೇಳಿಯೇಬಿಟ್ಟೆ. "ಅವತ್ತು ಎಲ್ಲರ ಮುಂದೆ ನಿಮ್ಮ ಮೇಲೆ ಹೊರಿಸಿದೆ. ತಪ್ಪಾಯ್ತು ಅಂತ ಒಂದು ಮಾತು ಹೇಳಲಿಲ್ಲ. ತಪ್ಪಾಯ್ತು ಹುಲಿಗೆಮ್ಮ."

"ಅಯ್ಯ ನಮ್ಮವ್ವ! ಇಷ್ಟು ದಿನ ಅದನ್ನ ಹೊಟ್ಯಾಗ ಇಟ್ಕೊಂಡಿದ್ದೇನು?" ಎಂದು ನಕ್ಕಳು. "ನಾ ಅವತ್ತ ಬಿಟ್ಟುಬಿಟ್ಟೆ. ಪರ ಊರಾಕಿ, ಆಕಿಗೇನು ತಿಳಿತೈತಿ ಅಂತ ಬಿಟ್ಟೆ. ನಮ್ಮಾಕಿ ಯಾರರ ಅಂದಿದ್ರ ಬಿಡ್ತಿದ್ದಿಲ್ಲ." ಚಹಾದ ಲೋಟ ಕೆಳಗಿಟ್ಟು ನನ್ನ ಮೊಣಕಾಲಿಗೆ ಒಂದು ಏಟು ಕೊಟ್ಟಳು. "ಈಗ ಅಂದು ನೋಡು. ಸಾಯೋ ತನಕ ನಿನ್ನ ಮಾರಿ ನೋಡಂಗಿಲ್ಲ."

ಬಸ್ಸಿನಲ್ಲಿ ಹೊಸಪೇಟೆಯವರೆಗೂ ಕಣ್ಣು ಒರೆಸಿಕೊಂಡೇ ಬಂದೆ. ಸಂತೋಷವೇ ಅದು, ಮತ್ತೇನಲ್ಲ.

ಅದಾದ ಮೇಲೆ ಹಬ್ಬಕ್ಕೆ ಮದ್ದೂರಿಗೆ ಹೋದೆ. ಅಡುಗೆಮನೆಯಲ್ಲಿ ಏನೋ ಸಿಡುಕಿನಲ್ಲಿ ಅಕ್ಕನ ಸೊಸೆಗೆ ಅನ್ನಬಾರದ ಮಾತು ಅಂದುಬಿಟ್ಟೆ. ಮೊದಲಾಗಿದ್ದರೆ ಅಕ್ಕ ಸೌಟು ಎತ್ತಿಕೊಂಡು ಜಗಳಕ್ಕೆ ನಿಲ್ಲುತ್ತಿದ್ದಳು, ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದೆವು. ನಾನು ಅದಕ್ಕೇ ಕಾದು ನಿಂತೆ. ಅಕ್ಕ ನಕ್ಕಳು. ಸೊಸೆಯ ಬೆನ್ನು ಸವರಿ, "ಬೇಜಾರ್ ಮಾಡ್ಕೋಬ್ಯಾಡ ಕಣವ್ವ, ಅವ್ಳು ಆ ಸೀಮೆಯೋಳು, ಮಾತೇ ಹಂಗೆ" ಎಂದಳು. ಆಮೇಲೆ ನೆಂಟರಿಗೆ ಹಾಕುವ ಹಾಗೆ ನನಗೊಬ್ಬಳಿಗೆ ಮಣೆ ಹಾಕಿ, ಎಲ್ಲರಿಗಿಂತ ಮೊದಲು ನನ್ನ ಎಲೆಗೆ ಬಡಿಸಿದಳು.